ಮಕ್ಕಳ ಲಿವರ್ ಕಸಿ: ಎಷ್ಟು ಮಕ್ಕಳು ಬದುಕುಳಿಯುತ್ತಾರೆ, ಹೇಗೆ ಬದುಕುತ್ತಾರೆ? ಸೇಲಂ–ಧರ್ಮಪುರಿ ಕಡೆಯಿಂದ ಒಂದು ನೋಟ

ಮಂಗಳೂರಿನಿಂದ ಬೆಂಗಳೂರು, ಅಲ್ಲಿಂದ ಹೊಸೂರು, ಕೃಷ್ಣಗಿರಿ ದಾಟಿದರೆ ಧರ್ಮಪುರಿ. ಇನ್ನೂ ಸುಮಾರು 65 ಕಿಲೋಮೀಟರ್ ಹೋದರೆ ಸೇಲಂ. ವ್ಯಾಪಾರಕ್ಕೆಂದು ತಮಿಳುನಾಡಿನ ಕಡೆ ಓಡಾಡುವ ನಮ್ಮವರಿಗೆ ಈ ಎರಡು ಹೆಸರುಗಳು ಹೊಸತಲ್ಲ. 1965ರವರೆಗೆ ಇವೆರಡೂ ಒಂದೇ ಸೇಲಂ ಜಿಲ್ಲೆಯಾಗಿದ್ದವು. ಸೇಲಂನ ದೇವಾಂಗ ನೇಕಾರರ ಮನೆಗಳಲ್ಲಿ, ಗಡಿ ಕಡೆಯ ಹಳ್ಳಿಗಳಲ್ಲಿ ಇವತ್ತಿಗೂ ಕನ್ನಡ ಕೇಳಿಸುತ್ತೆ. ಸೇಲಂನಲ್ಲಿ ಸರ್ಕಾರಿ ಮೋಹನ್ ಕುಮಾರಮಂಗಲಂ ಮೆಡಿಕಲ್ ಕಾಲೇಜು ಇದೆ, ಧರ್ಮಪುರಿಯಲ್ಲೂ 2008ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಆದರೆ ಪುಟ್ಟ ಮಗುವಿಗೆ ಲಿವರ್ ಕಸಿ ಮಾಡಿಸಬೇಕು ಅಂದರೆ ಇಲ್ಲಿನ ಕುಟುಂಬಗಳು ಚೆನ್ನೈ, ಬೆಂಗಳೂರು ಅಥವಾ ಕೊಯಮತ್ತೂರಿನ ದಾರಿ ಹಿಡಿಯಬೇಕು. ಸೇಲಂನಿಂದ ಚೆನ್ನೈಗೆ ಸುಮಾರು 340 ಕಿಲೋಮೀಟರ್, ಬೆಂಗಳೂರಿಗೆ 200. ಮಂಗಳೂರು, ಕಾಸರಗೋಡಿನ ಕುಟುಂಬಗಳ ಪಾಡೂ ಹೆಚ್ಚು ಕಡಿಮೆ ಇದೇ. ದೊಡ್ಡ ಆಪರೇಷನ್ ಎಂದರೆ ಘಾಟಿ ಹತ್ತಲೇಬೇಕು.

ಈ ದೂರದ ಮಾತನ್ನು ಮೊದಲೇ ಎತ್ತಲು ಕಾರಣ ಇದೆ. ಮಕ್ಕಳ ಲಿವರ್ ಕಸಿ ಎಂದಾಗ ನಮ್ಮ ಕಣ್ಣಮುಂದೆ ಬರುವುದು ಆಪರೇಷನ್ ಥಿಯೇಟರ್, ಹತ್ತು ಹನ್ನೆರಡು ಗಂಟೆಯ ಶಸ್ತ್ರಚಿಕಿತ್ಸೆ, ಲಕ್ಷಗಟ್ಟಲೆ ಬಿಲ್ಲು. ಅದೆಲ್ಲ ನಿಜ. ಆದರೆ ಇವತ್ತು ಆ ಆಪರೇಷನ್ ಬಹುಪಾಲು ಗೆಲ್ಲುತ್ತದೆ. ಮಗು ಉಳಿಯುತ್ತದೋ ಇಲ್ಲವೋ ಎನ್ನುವುದು ಹೆಚ್ಚಾಗಿ ನಿರ್ಧಾರವಾಗುವುದು ಆಪರೇಷನ್‌ಗೆ ಮುಂಚಿನ ಎರಡು ತಿಂಗಳಲ್ಲಿ ಮತ್ತು ಆಮೇಲಿನ ಇಪ್ಪತ್ತು ವರ್ಷಗಳಲ್ಲಿ. ಆ ಎರಡೂ ಕಾಲದಲ್ಲಿ ಮಗು ಇರುವುದು ದೊಡ್ಡ ಆಸ್ಪತ್ರೆಯಲ್ಲಲ್ಲ. ಓಮಲೂರಿನಲ್ಲೋ, ಪೆನ್ನಾಗರದಲ್ಲೋ, ನಮ್ಮ ಉಪ್ಪಿನಂಗಡಿಯಲ್ಲೋ, ಮನೆಯಲ್ಲೇ.

ಡೈಪರ್‌ನಲ್ಲಿ ಕಾಣುವ ಕಾಯಿಲೆ

ಮಕ್ಕಳಿಗೆ ಲಿವರ್ ಕಸಿ ಬೇಕಾಗುವುದಕ್ಕೆ ಜಗತ್ತಿನಾದ್ಯಂತ ಅತಿ ದೊಡ್ಡ ಕಾರಣ ಬಿಲಿಯರಿ ಅಟ್ರೇಶಿಯಾ ಎಂಬ ಕಾಯಿಲೆ. ಲಿವರ್‌ನಿಂದ ಕರುಳಿಗೆ ಪಿತ್ತವನ್ನು ಒಯ್ಯುವ ನಾಳ ಹುಟ್ಟುವ ಹೊತ್ತಿಗೆ ಅಥವಾ ಹುಟ್ಟಿದ ಕೆಲವೇ ವಾರಗಳಲ್ಲಿ ಮುಚ್ಚಿಹೋಗುತ್ತದೆ. ಪಿತ್ತ ಹೊರಗೆ ಹರಿಯಲಾರದೆ ಲಿವರ್‌ನೊಳಗೇ ನಿಂತು ಅದನ್ನು ಗಟ್ಟಿ ಮಾಡುತ್ತದೆ. ಹೆಚ್ಚಿನ ದೇಶಗಳಲ್ಲಿ ಹತ್ತರಿಂದ ಇಪ್ಪತ್ತು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಇದು ಬರುತ್ತದೆ. ಚಿಕಿತ್ಸೆ ಸಿಗದಿದ್ದರೆ ಬಹುಪಾಲು ಮಕ್ಕಳು ಎರಡು ವರ್ಷ ದಾಟುವುದಿಲ್ಲ.

ಇದನ್ನು ಗುರುತಿಸಲು ಯಂತ್ರ ಬೇಡ. ಹುಟ್ಟಿದ ಮಗುವಿಗೆ ಮೊದಲ ವಾರ ಸ್ವಲ್ಪ ಕಾಮಾಲೆ ಬರುವುದು ಮಾಮೂಲು, ಅದು ತಾನಾಗಿಯೇ ಇಳಿಯುತ್ತದೆ. ಎರಡು ವಾರ ದಾಟಿದರೂ ಕಣ್ಣು ಹಳದಿಯಾಗೇ ಇದ್ದರೆ, ಮೂತ್ರ ಬಟ್ಟೆಗೆ ಹಳದಿ ಕಲೆ ಹಿಡಿಸುತ್ತಿದ್ದರೆ, ಮಲ ಸುಣ್ಣದ ಹಾಗೆ ಅಥವಾ ಬೂದಿ ಬಣ್ಣಕ್ಕೆ ತಿರುಗಿದ್ದರೆ, ಅದು ಮಾಮೂಲಿಯಲ್ಲ. ಮಲಕ್ಕೆ ಬಣ್ಣ ಕೊಡುವುದೇ ಪಿತ್ತ. ಪಿತ್ತ ಇಳಿಯದಿದ್ದರೆ ಬಣ್ಣವೂ ಇರುವುದಿಲ್ಲ. ಆಗ ಮಾಡಿಸಬೇಕಾದ ಪರೀಕ್ಷೆ ಒಂದೇ: ರಕ್ತದಲ್ಲಿ ಒಟ್ಟು ಬಿಲಿರುಬಿನ್ ಎಷ್ಟು, ಅದರಲ್ಲಿ ‘ಡೈರೆಕ್ಟ್’ ಬಿಲಿರುಬಿನ್ ಎಷ್ಟು. ಯಾವ ಸಣ್ಣ ಊರಿನ ಲ್ಯಾಬಿನಲ್ಲೂ ಇದು ಆಗುತ್ತದೆ. ತೈವಾನ್ ದೇಶ 2004ರಿಂದ ಪ್ರತಿ ತಾಯಿಗೂ ಮಲದ ಬಣ್ಣಗಳ ಚಿತ್ರವಿರುವ ಒಂದು ಕಾರ್ಡ್ ಕೊಡುತ್ತಿದೆ. ತಾಯಿಯೇ ಹೋಲಿಸಿ ನೋಡಿ ಹೇಳುತ್ತಾಳೆ. ಎಷ್ಟು ಅಗ್ಗದ ಉಪಾಯ ನೋಡಿ! ಅದು ಬಂದ ಮೇಲೆ ಅಲ್ಲಿ ಮಕ್ಕಳು ಆಸ್ಪತ್ರೆಗೆ ಬೇಗ ಬರತೊಡಗಿದರು.

ಬೇಗ ಎಂದರೆ ಎಷ್ಟು ಬೇಗ? ಜಪಾನಿನ ಸರ್ಜನ್ ಮೊರಿಯೊ ಕಸಾಯಿ 1950ರ ದಶಕದಲ್ಲಿ ಒಂದು ಆಪರೇಷನ್ ಕಂಡುಹಿಡಿದರು. ಮುಚ್ಚಿದ ನಾಳವನ್ನು ತೆಗೆದು ಕರುಳನ್ನೇ ಲಿವರ್‌ನ ಬಾಯಿಗೆ ಜೋಡಿಸುವುದು. ಮಗುವಿಗೆ 60 ದಿನ ತುಂಬುವುದರೊಳಗೆ ಮಾಡಿದರೆ ಫಲ ಚೆನ್ನಾಗಿ ಸಿಗುತ್ತದೆ. 90 ದಿನ ದಾಟಿದರೆ ಫಲ ಕಡಿಮೆಯಾಗುತ್ತಾ ಹೋಗುತ್ತದೆ. ಕಸಾಯಿ ಆಪರೇಷನ್ ಗೆದ್ದ ಮಕ್ಕಳಲ್ಲೂ ಹೆಚ್ಚಿನವರಿಗೆ ಮುಂದೆ ಯಾವತ್ತೋ ಕಸಿ ಬೇಕಾಗುತ್ತದೆ ನಿಜ. ಆದರೆ ನಾಲ್ಕು ಕಿಲೋ ತೂಕದ ಕೂಸಿಗೆ ಕಸಿ ಮಾಡುವುದಕ್ಕೂ ಎಂಟು ವರ್ಷದ ಹುಡುಗನಿಗೆ ಮಾಡುವುದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಆ ವರ್ಷಗಳನ್ನು ಗಳಿಸಿಕೊಡುವುದೇ ಕಸಾಯಿಯ ಕೆಲಸ.

ನಮ್ಮ ದೇಶದಲ್ಲಿ ತಪ್ಪುವುದು ಇಲ್ಲೇ. ತಮಿಳಿನಲ್ಲಿ ‘ಮಂಜಳ್ ಕಾಮಾಲೈ’ ಎಂದ ಕೂಡಲೇ ಕೀಳಾನೆಲ್ಲಿ ಸೊಪ್ಪು ಅರೆಯುತ್ತಾರೆ. ಅದೇ ನಮ್ಮ ನೆಲನೆಲ್ಲಿ. ಕರಾವಳಿಯಲ್ಲೂ ಕಾಮಾಲೆಗೆ ಮದ್ದು ಕೊಡುವವರು ಇಲ್ಲದ ಊರಿಲ್ಲ. ದೊಡ್ಡವರ ವೈರಲ್ ಕಾಮಾಲೆ ಬಹಳಷ್ಟು ಸಲ ತಾನಾಗಿ ವಾಸಿಯಾಗುತ್ತದೆ, ಹೆಸರು ಮದ್ದಿಗೆ ಬರುತ್ತದೆ. ಆ ನಂಬಿಕೆಯ ಮೇಲೆ ಕೂಸಿಗೂ ಮದ್ದು ಕುಡಿಸುತ್ತಾ, ಬೆಳಗಿನ ಬಿಸಿಲಿಗೆ ಹಿಡಿಯುತ್ತಾ ಕೂತರೆ 60 ದಿನ ಕಳೆದದ್ದೇ ಗೊತ್ತಾಗುವುದಿಲ್ಲ. ಮಗು ಹೊರಗಿನಿಂದ ಗುಂಡುಗುಂಡಾಗೇ ಇರುತ್ತದೆ, ಹಾಲು ಕುಡಿಯುತ್ತದೆ. ಅದೇ ಮೋಸ.

ಹಾಗಂತ ವ್ಯವಸ್ಥೆ ಇಲ್ಲವೇ ಇಲ್ಲ ಅಂತಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡಬೇಕು ಎಂಬುದು ರಾಷ್ಟ್ರೀಯ ನಿಯಮ. ತಮಿಳುನಾಡಿನ ಹಳ್ಳಿಗಳಲ್ಲಿ ಗ್ರಾಮ ಆರೋಗ್ಯ ನರ್ಸ್‌ಗಳೂ ಇದ್ದಾರೆ. 14ನೇ ದಿನದ ಭೇಟಿ ಕಾಮಾಲೆ ಇಳಿದಿದೆಯೇ ಎಂದು ನೋಡಲು ಸರಿಯಾದ ಸಮಯ. ಆರನೇ ವಾರ ಮಗುವನ್ನು ಮೊದಲ ಪೆಂಟಾವೇಲೆಂಟ್ ಲಸಿಕೆಗೆ ಕರೆದೊಯ್ಯುತ್ತೀರಲ್ಲ, ಅದು ಕೈಯಲ್ಲಿರುವ ಕೊನೆಯ ಒಳ್ಳೆಯ ಅವಕಾಶ. ಆಮೇಲೆ ಉಳಿಯುವುದು ಹದಿನೆಂಟು ದಿನ. ಮೊಬೈಲ್‌ನಲ್ಲಿ ಮಗುವಿನ ನೂರು ಫೋಟೋ ತೆಗೆಯುವ ನಾವು, ಮಲದ ಬಣ್ಣದ ಬಗ್ಗೆ ಅನುಮಾನ ಬಂದಾಗ ಡೈಪರ್‌ನ ಒಂದು ಫೋಟೋ ತೆಗೆದು ಡಾಕ್ಟರಿಗೆ ತೋರಿಸಿದರೆ ನಾಚಿಕೆಯೇನಿಲ್ಲ.

ಬೇರೆ ಕಾರಣಗಳು

ಬಿಲಿಯರಿ ಅಟ್ರೇಶಿಯಾ ಒಂದೇ ಅಲ್ಲ. ತಾಮ್ರ ದೇಹದಲ್ಲಿ ಶೇಖರವಾಗುವ ವಿಲ್ಸನ್ ಕಾಯಿಲೆ, ಪಿತ್ತ ಸಾಗಣೆಯ ದೋಷಗಳು, ಟೈರೋಸಿನೀಮಿಯಾ, ಕ್ರಿಗ್ಲರ್–ನಜ್ಜಾರ್ ಮುಂತಾದ ಅನುವಂಶೀಯ ಕಾಯಿಲೆಗಳೂ ಲಿವರ್ ಕಸಿಗೆ ಕಾರಣವಾಗುತ್ತವೆ. ಇವುಗಳಲ್ಲಿ ಹೆಚ್ಚಿನವು, ತಂದೆ ತಾಯಿ ಇಬ್ಬರಲ್ಲೂ ಒಂದೇ ದೋಷದ ಜೀನ್ ಅಡಗಿದ್ದರೆ ಮಾತ್ರ ಮಗುವಿಗೆ ಬರುವಂಥವು. ರಕ್ತ ಸಂಬಂಧದಲ್ಲಿ ಮದುವೆಯಾದಾಗ ಆ ಸಾಧ್ಯತೆ ಏರುತ್ತದೆ. ತಮಿಳುನಾಡಿನ ಹಲವು ಸಮುದಾಯಗಳಲ್ಲಿ ಸೋದರಮಾವನಿಗೇ ಹೆಣ್ಣು ಕೊಡುವ ರೂಢಿ ಇದೆ. ನಮ್ಮಲ್ಲಿ ಅದು ನಿಷಿದ್ಧ, ಆದರೆ ಮಾವನ ಮಗಳು, ಅತ್ತೆಯ ಮಗನ ಸಂಬಂಧ ಅಪರೂಪವಲ್ಲ. ಒಂದು ಮಗು ಹೀಗೆ ಲಿವರ್ ಕಾಯಿಲೆಯಿಂದ ತೀರಿಕೊಂಡ ಮನೆಯಲ್ಲಿ ಮುಂದಿನ ಮಗುವಿಗೆ ಮುನ್ನ ಜೆನೆಟಿಕ್ ಸಲಹೆ ಪಡೆಯುವುದು ಒಳ್ಳೆಯದು. ಅಂಥ ಪ್ರತಿ ಬಸಿರಿನಲ್ಲೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ವಿಲ್ಸನ್ ಕಾಯಿಲೆಯನ್ನು ಬೇಗ ಹಿಡಿದರೆ ಮಾತ್ರೆಯಲ್ಲೇ ನಿಯಂತ್ರಿಸಬಹುದು, ಕಸಿಯ ಮಾತೇ ಬರದು. ಹಾಗಾಗಿ ಒಬ್ಬ ಮಗನಿಗೆ ಅದು ಇದೆ ಎಂದಾದರೆ ಅಣ್ಣ ತಮ್ಮ ಅಕ್ಕ ತಂಗಿ ಎಲ್ಲರಿಗೂ ಪರೀಕ್ಷೆ ಆಗಬೇಕು.

ಇನ್ನೊಂದು, ಚೆನ್ನಾಗಿದ್ದ ಲಿವರ್ ದಿಢೀರನೆ ಸೋಲುವುದು. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಹೆಚ್ಚಿನ ಮಕ್ಕಳಲ್ಲಿ ವಾಸಿಯಾದರೂ ಕೆಲವರಲ್ಲಿ ಹೀಗೆ ತಿರುಗುತ್ತದೆ. ತಮಿಳುನಾಡಿನ ವೈದ್ಯರು ಹೆಚ್ಚು ಎದುರಿಸುವ ಮತ್ತೊಂದು ಕಾರಣ ಹಳದಿ ರಂಜಕ ಇರುವ ಇಲಿ ಪೇಸ್ಟ್. ಬಾಗಿಲ ಸಂದಿಯಲ್ಲಿ, ರೊಟ್ಟಿ ತುಂಡಿನ ಮೇಲೆ ಸವರಿಟ್ಟದ್ದನ್ನು ಅಂಬೆಗಾಲಿಡುವ ಮಗು ಬಾಯಿಗೆ ಹಾಕಿಕೊಂಡರೆ ಮೊದಲ ಒಂದೆರಡು ದಿನ ಏನೂ ಆಗದಂತೆ ಕಾಣಬಹುದು. ಆಮೇಲೆ ಲಿವರ್ ಕುಸಿಯುತ್ತದೆ. ಮಗು ಆಟ ಆಡಿಕೊಂಡಿದೆ ಎಂದು ಕಾಯಬೇಡಿ, ಪೇಸ್ಟ್‌ನ ಟ್ಯೂಬನ್ನೂ ಹಿಡಿದುಕೊಂಡು ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೋಗಿ. ಇಂಥ ಸಂದರ್ಭದಲ್ಲಿ ಕಸಿ ಬೇಕಾದರೆ ಸಿಗುವ ಸಮಯ ವಾರಗಳಲ್ಲ, ದಿನಗಳು.

ಅಂಕಿ ಏನು ಹೇಳುತ್ತೆ

ಅಮೆರಿಕದ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜ್ಲ್ 1963ರ ಮಾರ್ಚ್ 1ರಂದು ಜಗತ್ತಿನ ಮೊದಲ ಲಿವರ್ ಕಸಿಗೆ ಕೈ ಹಾಕಿದಾಗ ಮೇಜಿನ ಮೇಲೆ ಇದ್ದದ್ದು ಬಿಲಿಯರಿ ಅಟ್ರೇಶಿಯಾದ ಮೂರು ವರ್ಷದ ಮಗು. ಅದು ಆಪರೇಷನ್ ನಡೆಯುತ್ತಿರುವಾಗಲೇ ತೀರಿಕೊಂಡಿತು. 1967ರಲ್ಲಿ ಇನ್ನೊಂದು ಹೆಣ್ಣು ಮಗು ಕಸಿಯ ನಂತರ ಒಂದು ವರ್ಷಕ್ಕೂ ಹೆಚ್ಚು ಬದುಕಿತು. 1970ರ ದಶಕ ಮುಗಿಯುವವರೆಗೂ ಕಸಿಯಾದ ಮೂವರಲ್ಲಿ ಸುಮಾರು ಒಬ್ಬರು ಮಾತ್ರ ಒಂದು ವರ್ಷ ಪೂರೈಸುತ್ತಿದ್ದರು. ಪರಿಸ್ಥಿತಿ ಬದಲಿಸಿದ್ದು ಕತ್ತಿಗಿಂತ ಮಾತ್ರೆ: 1980ರ ಸುಮಾರಿಗೆ ಸೈಕ್ಲೋಸ್ಪೋರಿನ್, 1989ರಿಂದ ಟ್ಯಾಕ್ರೊಲಿಮಸ್. ಹೊರಗಿನ ಅಂಗವನ್ನು ದೇಹ ಶತ್ರುವೆಂದು ಹೊಡೆದು ಹಾಕದಂತೆ ತಡೆಯುವ ಔಷಧಗಳು ಇವು.

1989ರಲ್ಲೇ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಒಬ್ಬ ತಾಯಿಯ ಲಿವರ್‌ನ ತುಂಡನ್ನು ಆಕೆಯ ಪುಟ್ಟ ಮಗನಿಗೆ ಜೋಡಿಸಿ ಯಶಸ್ವಿಯಾದರು. ಮೃತ ದಾನಿಗಾಗಿ ಕಾಯದೆ ಮನೆಯವರೇ ದಾನ ಮಾಡುವ ದಾರಿ ಹೀಗೆ ತೆರೆಯಿತು. ಭಾರತಕ್ಕೆ ಆ ದಾರಿ ಬಂದದ್ದು 1998ರ ನವೆಂಬರ್‌ನಲ್ಲಿ, ಅದೂ ತಮಿಳುನಾಡಿನ ಮಗುವಿನ ಮೂಲಕ. ಕಾಂಚೀಪುರದ 20 ತಿಂಗಳ ಸಂಜಯ್‌ಗೆ ಬಿಲಿಯರಿ ಅಟ್ರೇಶಿಯಾ ಇತ್ತು. ದೆಹಲಿಯ ಇಂದ್ರಪ್ರಸ್ಥ ಅಪೋಲೊ ಆಸ್ಪತ್ರೆಯಲ್ಲಿ ತಂದೆ ತನ್ನ ಲಿವರ್‌ನ ಭಾಗ ಕೊಟ್ಟರು. ಭಾರತದಲ್ಲಿ ಯಶಸ್ವಿಯಾದ ಮಕ್ಕಳ ಲಿವರ್ ಕಸಿಗಳಲ್ಲಿ ಅದೇ ಮೊದಲನೆಯದು. ಆ ಹುಡುಗ ಎಂಬಿಬಿಎಸ್ ಓದಿ ಡಾಕ್ಟರ್ ಆಗಿದ್ದಾನೆ. ಅವತ್ತು ಕಾಂಚೀಪುರದವರು ದೆಹಲಿಗೆ ಹೋಗಬೇಕಿತ್ತು, ಇವತ್ತು ಚೆನ್ನೈಯಲ್ಲೇ ಆಗುತ್ತದೆ. ತಮಿಳುನಾಡಿನ ಹಳ್ಳಿಯೊಂದರಲ್ಲಿ ಹುಟ್ಟಿದ ಡಾ. ಮುಹಮ್ಮದ್ ರೇಲಾ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿದ್ದಾಗ 1997ರಲ್ಲಿ ಐದು ದಿನದ ಹಸುಗೂಸಿಗೆ ಲಿವರ್ ಕಸಿ ಮಾಡಿ ಗಿನ್ನೆಸ್ ದಾಖಲೆಗೆ ಸೇರಿದವರು. ನಂತರ ಊರಿಗೆ ಮರಳಿ ಚೆನ್ನೈನ ಕ್ರೋಮ್‌ಪೇಟೆಯಲ್ಲಿ ತಮ್ಮ ಸಂಸ್ಥೆ ಕಟ್ಟಿದರು.

ಈಗಿನ ಲೆಕ್ಕ ಹೀಗಿದೆ. ಅನುಭವವಿರುವ ಕೇಂದ್ರಗಳಲ್ಲಿ ಕಸಿಯಾದ ನೂರು ಮಕ್ಕಳಲ್ಲಿ ತೊಂಬತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಒಂದು ವರ್ಷ ದಾಟುತ್ತಾರೆ. ಐದು ವರ್ಷಕ್ಕೆ ಎಂಬತ್ತೈದರ ಆಚೀಚೆ, ಹತ್ತು ವರ್ಷಕ್ಕೆ ಎಂಬತ್ತರ ಮೇಲೆ. ಭಾರತದ ಒಳ್ಳೆಯ ಕೇಂದ್ರಗಳ ಒಂದು ವರ್ಷದ ಫಲಿತಾಂಶ ಹೊರದೇಶಗಳಿಗೆ ಸರಿಸಾಟಿ. ಗಮನಿಸಿ, ನಷ್ಟದ ದೊಡ್ಡ ಪಾಲು ಮೊದಲ ಕೆಲವು ತಿಂಗಳಲ್ಲೇ ಆಗುತ್ತದೆ. ಮೊದಲ ವರ್ಷ ದಾಟಿದ ಮಗು ಬಹಳ ಮಟ್ಟಿಗೆ ದಡ ಸೇರಿದ ಹಾಗೆ. ದಿಢೀರ್ ಲಿವರ್ ಸೋತು, ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಬಂದವರಲ್ಲಿ ಈ ಅಂಕಿ ಕೆಳಗಿರುತ್ತದೆ. ತೀರಾ ಸೊರಗಿ, ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬಂದ ಕೂಸುಗಳಲ್ಲೂ ಅಷ್ಟೇ. ಅದಕ್ಕೇ ಕಸಿಗೆ ಮುಂಚಿನ ತಿಂಗಳುಗಳಲ್ಲಿ ಮಗುವಿನ ತೂಕ ಏರಿಸುವುದೇ ಒಂದು ಚಿಕಿತ್ಸೆ. ಪಿತ್ತವಿಲ್ಲದೆ ಸಾಮಾನ್ಯ ಕೊಬ್ಬು ಜೀರ್ಣವಾಗದು, ಆದರೆ ತೆಂಗಿನೆಣ್ಣೆಯಲ್ಲಿರುವ ಕೊಬ್ಬಿನ ಒಂದು ಭಾಗ ಪಿತ್ತದ ಹಂಗಿಲ್ಲದೆ ರಕ್ತ ಸೇರುತ್ತದೆ. ಹಾಗಾಗಿ ವೈದ್ಯರು ಗಂಜಿಗೆ ತೆಂಗಿನೆಣ್ಣೆ ಹಾಕಿ ಕೊಡಿ ಎನ್ನುತ್ತಾರೆ. ನಮ್ಮ ಅಡುಗೆಮನೆಗೆ ಇದು ಕಷ್ಟದ ಸಲಹೆಯಲ್ಲ.

ಯಾರು ಕೊಡಬಹುದು

ಪುಟ್ಟ ಮಗುವಿಗೆ ದೊಡ್ಡವರ ಲಿವರ್‌ನ ಎಡಬದಿಯ ಒಂದು ಸಣ್ಣ ಭಾಗ ಸಾಕು, ಇಡೀ ಲಿವರ್‌ನ ಕಾಲು ಭಾಗದಷ್ಟು. ದಾನಿಯ ಲಿವರ್ ಕೆಲವೇ ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ, ಮಗುವಿನದು ಮಗುವಿನ ಜೊತೆಗೇ ಬೆಳೆಯುತ್ತದೆ. ದಾನಿಗೆ ಅಪಾಯ ಶೂನ್ಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಡಭಾಗ ಕೊಡುವವರಲ್ಲಿ ಜೀವಾಪಾಯ ಸಾವಿರಕ್ಕೆ ಒಂದರ ಆಸುಪಾಸು ಎನ್ನುತ್ತಾರೆ. ದೊಡ್ಡವರಿಗಾಗಿ ಬಲಭಾಗ ಕೊಡುವುದಕ್ಕಿಂತ ಇದು ಬಹಳ ಕಡಿಮೆ. ರಕ್ತದ ಗುಂಪು ಹೊಂದಬೇಕು, ಲಿವರ್‌ನಲ್ಲಿ ಕೊಬ್ಬು ಇರಬಾರದು. ಗಂಡಸರು ಅನರ್ಹರಾಗುವುದಕ್ಕೆ ಫ್ಯಾಟಿ ಲಿವರ್ ಈಗ ದೊಡ್ಡ ಕಾರಣ. ಬಿರಿಯಾನಿ ಪ್ರಿಯರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ.

1994ರ ಮಾನವ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ತಂದೆ, ತಾಯಿ, ಒಡಹುಟ್ಟಿದವರು ‘ಹತ್ತಿರದ ಬಂಧು’ಗಳು. 2011ರ ತಿದ್ದುಪಡಿ ಅಜ್ಜ ಅಜ್ಜಿಯರನ್ನೂ ಸೇರಿಸಿತು. ಮಾವ, ಚಿಕ್ಕಪ್ಪ, ಚಿಕ್ಕಮ್ಮ ಈ ಪಟ್ಟಿಯಲ್ಲಿಲ್ಲ. ಅವರು ಕೊಡಬೇಕಾದರೆ ಅಧಿಕಾರ ಸಮಿತಿಯ ಮುಂದೆ ಹೋಗಿ, ಹಣದ ವ್ಯವಹಾರವಿಲ್ಲ ಎಂದು ಮನದಟ್ಟು ಮಾಡಿಸಬೇಕು. ಬೇರೆ ರಾಜ್ಯದ ಆಸ್ಪತ್ರೆಯಲ್ಲಾದರೆ ದಾಖಲೆ ಪತ್ರಗಳಿಗೆ ಇನ್ನಷ್ಟು ಸಮಯ ಹಿಡಿಯುತ್ತದೆ. ಧರ್ಮಪುರಿಯವರು ಬೆಂಗಳೂರಿಗೆ, ಕಾಸರಗೋಡಿನವರು ಮಂಗಳೂರು ದಾಟಿ ಬರುವಾಗ ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಹದಿನೆಂಟು ತುಂಬದ ಅಣ್ಣನೋ ಅಕ್ಕನೋ ಕೊಡುವಂತಿಲ್ಲ.

ಭಾರತದ ಆಸ್ಪತ್ರೆಗಳಲ್ಲಿ ಮಕ್ಕಳಿಗೆ ಲಿವರ್ ಕೊಡುವವರಲ್ಲಿ ತಾಯಂದಿರೇ ಮುಂದೆ. ಪಡೆಯುವ ಮಕ್ಕಳಲ್ಲಿ ಗಂಡು ಹುಡುಗರು ಹೆಚ್ಚು. ಬಿಲಿಯರಿ ಅಟ್ರೇಶಿಯಾ ಗಂಡು ಹೆಣ್ಣು ನೋಡಿ ಬರುವುದಿಲ್ಲ, ಹೆಣ್ಣು ಮಕ್ಕಳಲ್ಲಿ ತುಸು ಹೆಚ್ಚೇ. ಹಾಗಿದ್ದರೆ ಉಳಿದ ಹೆಣ್ಣು ಮಕ್ಕಳು ಎಲ್ಲಿ ಹೋದರು? ತಮಿಳುನಾಡು ಸರ್ಕಾರ 1992ರಲ್ಲಿ ‘ತೊಟ್ಟಿಲು ಮಗು’ ಯೋಜನೆ ಶುರು ಮಾಡಿದ್ದು ಸೇಲಂನಲ್ಲೇ, ಹೆಣ್ಣು ಕೂಸುಗಳನ್ನು ಕೊಲ್ಲಬೇಡಿ, ನಮ್ಮ ತೊಟ್ಟಿಲಲ್ಲಿ ಬಿಟ್ಟುಹೋಗಿ ಎಂದು. ಆಮೇಲೆ ಧರ್ಮಪುರಿಗೂ ಅದು ಬಂತು. ಕಾಲ ಬದಲಾಗಿದೆ, ಆದರೆ ‘ಹೆಣ್ಣು ಮಗುವಿಗೆ ಇಷ್ಟು ಖರ್ಚಾ?’ ಎಂಬ ಪಿಸುಮಾತು ಆ ಎರಡು ಜಿಲ್ಲೆಗಳಲ್ಲಷ್ಟೇ ಇದೆ ಎಂದುಕೊಳ್ಳುವುದು ಬೇಡ.

ಖರ್ಚಿನ ಮಾತು ಬಂತು. ಖಾಸಗಿ ಆಸ್ಪತ್ರೆಗಳಲ್ಲಿ ಹದಿನೈದು ಇಪ್ಪತ್ತು ಲಕ್ಷ ಎನ್ನುವುದು ಸಾಮಾನ್ಯ, ತೊಡಕಾದರೆ ಇನ್ನೂ ಮೇಲೆ. ತಮಿಳುನಾಡಿನ ಪಡಿತರ ಕುಟುಂಬಗಳಿಗೆ ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮಾ ಯೋಜನೆಯಲ್ಲಿ ಲಿವರ್ ಕಸಿಗೂ ನೆರವಿದೆ. ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಕಿಡ್ನಿ, ಹೃದಯ, ಲಿವರ್ ಕಸಿಗೆ ಯೋಜನೆ ಇದೆ. ಪ್ರಧಾನಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು. ಒಂದು ರಾಜ್ಯದ ಕಾರ್ಡು ಇನ್ನೊಂದು ರಾಜ್ಯದ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಅಡ್ಮಿಟ್ ಆಗುವ ಮುಂಚೆಯೇ ಕೇಳಿ. ನಮ್ಮ ಸಂಘ ಸಂಸ್ಥೆಗಳು, ಗಲ್ಫ್‌ನ ಹುಡುಗರು ಇಂಥ ಮಕ್ಕಳಿಗೆ ಕೈಬಿಚ್ಚಿ ಕೊಡುತ್ತಾರೆ. ಆದರೆ ಸಂಗ್ರಹವೆಲ್ಲ ಆಪರೇಷನ್ ದಿನಕ್ಕೇ ನಿಂತುಬಿಡುತ್ತದೆ. ಆ ನಂತರದ ಪ್ರತಿ ತಿಂಗಳ ಔಷಧ, ರಕ್ತಪರೀಕ್ಷೆ, ಪ್ರಯಾಣದ ವೆಚ್ಚಕ್ಕೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಯಾರೂ ಪೋಸ್ಟರ್ ಮಾಡುವುದಿಲ್ಲ. ಝಕಾತ್ ಕಮಿಟಿಗಳು ಒಂದು ಮಗುವಿಗೆ ಒಂದೇ ಸಲ ದೊಡ್ಡ ಮೊತ್ತ ಕೊಡುವ ಬದಲು ಅದರ ಒಂದಂಶವನ್ನು ಐದು ವರ್ಷದ ಔಷಧಕ್ಕೆ ಕಾದಿರಿಸಿದರೆ ಹೆಚ್ಚು ಉಪಯೋಗ ಅಂತ ನನಗನ್ನಿಸುತ್ತೆ.

ಶರೀಅತ್‌ನಲ್ಲಿ ಇದು ಸರಿಯೇ ಎಂಬ ಪ್ರಶ್ನೆ ಮನೆಯ ಹಿರಿಯರಿಂದ ಬಂದೇ ಬರುತ್ತದೆ. ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1988ರಲ್ಲಿ ಜಿದ್ದಾದಲ್ಲಿ ಸೇರಿದಾಗ, ದಾನಿಯ ಪ್ರಾಣಕ್ಕೆ ಅಪಾಯವಾಗದಂತೆ, ಒಪ್ಪಿಗೆಯಿಂದ, ಜೀವ ಉಳಿಸಲು ಅಂಗ ನೀಡುವುದಕ್ಕೆ ಅನುಮತಿ ಇದೆ, ಮಾರಾಟಕ್ಕೆ ಇಲ್ಲ ಎಂದು ತೀರ್ಮಾನಿಸಿತು. ನಮ್ಮ ಉಪಖಂಡದ ಕೆಲವು ಉಲಮಾಗಳಿಗೆ ಭಿನ್ನ ಅಭಿಪ್ರಾಯವಿದೆ, ವಿಶೇಷವಾಗಿ ಮಿದುಳು ನಿಷ್ಕ್ರಿಯವಾದವರ ಅಂಗದಾನದ ಬಗ್ಗೆ. ನಿಮ್ಮ ಉಸ್ತಾದರನ್ನು ಕೇಳುವುದಿದ್ದರೆ ಮಗು ಐಸಿಯುಗೆ ಹೋಗುವ ಮುನ್ನವೇ ಕೇಳಿ.

ಮನೆಗೆ ಬಂದ ಮೇಲೆ

ಆಪರೇಷನ್ ಆದ ಮೊದಲ ಒಂದೆರಡು ವಾರ ವೈದ್ಯರು ಹೆಚ್ಚು ಭಯಪಡುವುದು ಲಿವರ್‌ಗೆ ರಕ್ತ ಒಯ್ಯುವ ಸಣ್ಣ ಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದಕ್ಕೆ. ಕೂಸಿನ ಧಮನಿ ಎರಡು ಮೂರು ಮಿಲಿಮೀಟರ್ ಅಗಲ ಇರುತ್ತದೆ, ಮೈಕ್ರೋಸ್ಕೋಪ್ ಇಟ್ಟು ಹೊಲಿಯುತ್ತಾರೆ. ಪಿತ್ತ ಸೋರಿಕೆ, ಸೋಂಕು, ರಿಜೆಕ್ಷನ್ ಆಮೇಲಿನ ಸರದಿ. ಮೊದಲ ತಿಂಗಳುಗಳಲ್ಲಿ ಒಂದು ಸಲ ರಿಜೆಕ್ಷನ್ ಬಂತೆಂದರೆ ಎಲ್ಲ ಮುಗಿಯಿತೆಂದಲ್ಲ, ಬಹಳ ಮಕ್ಕಳಿಗೆ ಬರುತ್ತದೆ, ಔಷಧದಿಂದ ಹಿಂದಕ್ಕೆ ಸರಿಯುತ್ತದೆ. ಈ ಎರಡು ಮೂರು ತಿಂಗಳು ಆಸ್ಪತ್ರೆಯ ಹತ್ತಿರವೇ ಬಾಡಿಗೆ ಮನೆ ಹಿಡಿದು ಇರಬೇಕಾಗುತ್ತದೆ. ತಾಯಿಯೇ ದಾನಿಯಾದರೆ ಆಕೆಗೂ ವಿಶ್ರಾಂತಿ ಬೇಕು. ಆಗ ಮನೆಯ ಮೂರನೆಯ ಒಬ್ಬರು, ಅಜ್ಜಿಯೋ ಚಿಕ್ಕಮ್ಮನೋ, ಜೊತೆಗಿರಲೇಬೇಕು.

ಊರಿಗೆ ಮರಳಿದ ಮೇಲೆ ಬದುಕಿನ ಗಡಿಯಾರ ಟ್ಯಾಕ್ರೊಲಿಮಸ್‌ನದು. 12 ಗಂಟೆಗೊಮ್ಮೆ, ದಿನವೂ ಒಂದೇ ಸಮಯಕ್ಕೆ. ರಕ್ತದಲ್ಲಿ ಅದರ ಮಟ್ಟ ಕಡಿಮೆಯಾದರೆ ದೇಹ ಲಿವರ್ ಮೇಲೆ ದಾಳಿ ಮಾಡುತ್ತದೆ, ಹೆಚ್ಚಾದರೆ ಕಿಡ್ನಿ ಹಾಳು. ಈ ಔಷಧ ಬಹಳ ಸೂಕ್ಷ್ಮ. ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್, ಫ್ಲುಕೊನಜೋಲ್ ಕೊಟ್ಟರೆ ಮಟ್ಟ ಏರುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟೊಯಿನ್ ಅದನ್ನು ಕುಸಿಯುವಂತೆ ಮಾಡುತ್ತವೆ. ಬೇಧಿಯಾದಾಗಲೂ ಮಟ್ಟ ಏರಬಹುದು. ಹಣ್ಣಿನಲ್ಲಿ ಚಕ್ಕೋತ ಬೇಡವೇ ಬೇಡ. ನೋವಿಗೆ ಐಬುಪ್ರೊಫೇನ್ ಬೇಡ. ಗಿಡಮೂಲಿಕೆ, ‘ಲಿವರ್ ಟಾನಿಕ್’ ಯಾವುದನ್ನೂ ಕಸಿ ವೈದ್ಯರನ್ನು ಕೇಳದೆ ಕೊಡಬಾರದು. ಸಣ್ಣ ಊರಿನ ಕ್ಲಿನಿಕ್ಕಿನಲ್ಲಿ ಕೆಮ್ಮಿಗೆ ಚೀಟಿ ಬರೆಯುವ ಡಾಕ್ಟರಿಗೆ ಮಗುವಿನ ಹೊಟ್ಟೆಯ ಗಾಯದ ಗುರುತು ತೋರಿಸಿ, ಔಷಧದ ಹೆಸರು ಹೇಳಿ.

ಜ್ವರ 38 ಡಿಗ್ರಿ ದಾಟಿದರೆ ನಾಳೆ ನೋಡೋಣ ಎನ್ನುವಂತಿಲ್ಲ. ದಡಾರ, ಸೀತಾಳೆ ಸಿಡುಬಿನಂಥ ಜೀವಂತ ಲಸಿಕೆಗಳನ್ನು ಸಾಧ್ಯವಾದಷ್ಟು ಕಸಿಗೆ ಮುಂಚೆಯೇ ಹಾಕಿಸಿರಬೇಕು, ಆಮೇಲೆ ಸಾಮಾನ್ಯವಾಗಿ ಕೊಡುವುದಿಲ್ಲ. ಬಾವಿ ನೀರು ಕುದಿಸಿ ಕೊಡಿ. ಇಷ್ಟನ್ನು ಪಾಲಿಸಿದರೆ ಮಗು ಶಾಲೆಗೆ ಹೋಗಬಹುದು, ಓಡಬಹುದು, ಜಗಳ ಆಡಬಹುದು. ಅದನ್ನು ಗಾಜಿನ ಬೊಂಬೆ ಮಾಡುವುದು ಬೇಡ.

ಹೇಗೆ ಬದುಕುತ್ತಾರೆ ಎಂಬುದಕ್ಕೆ ಅಮೆರಿಕ, ಕೆನಡಾದ ಒಂದು ಅಧ್ಯಯನ ಸ್ಪಷ್ಟ ಚಿತ್ರ ಕೊಡುತ್ತದೆ. ಕಸಿಯಾಗಿ ಹತ್ತು ವರ್ಷ ದಾಟಿದ 167 ಮಕ್ಕಳನ್ನು ಪರೀಕ್ಷಿಸಿ 2012ರಲ್ಲಿ ವರದಿ ಮಾಡಿದರು. ಬೆಳವಣಿಗೆ, ಲಿವರ್, ಕಿಡ್ನಿ ಎಲ್ಲ ಸರಿಯಿದ್ದು, ಔಷಧದ ಅಡ್ಡ ಪರಿಣಾಮಗಳೂ ಇಲ್ಲದ ‘ಆದರ್ಶ’ ಸ್ಥಿತಿಯಲ್ಲಿದ್ದವರು ಸುಮಾರು ಮೂರನೇ ಒಂದು ಭಾಗ. ಉಳಿದವರು ಕೆಟ್ಟದಾಗಿದ್ದರು ಎಂದಲ್ಲ. ಒಬ್ಬರಿಗೆ ಎತ್ತರ ಕಡಿಮೆ, ಇನ್ನೊಬ್ಬರಿಗೆ ಕಿಡ್ನಿ ಸ್ವಲ್ಪ ಮಂದ, ಮತ್ತೊಬ್ಬರಿಗೆ ಹಳೆಯ ರಿಜೆಕ್ಷನ್‌ನ ಗುರುತು. ಬದುಕುಳಿಯುವುದು ಬೇರೆ, ಪೂರ್ತಿ ಆರೋಗ್ಯ ಬೇರೆ. ಕಸಿ ಎಂದರೆ ಕಾಯಿಲೆ ಹೋಯಿತು ಎಂದಲ್ಲ, ಕೊಲ್ಲುವ ಕಾಯಿಲೆಯ ಬದಲಿಗೆ ನಿಭಾಯಿಸಬಹುದಾದ ಒಂದನ್ನು ಪಡೆದಂತೆ. ಪೋಷಕರಿಗೆ ಇದನ್ನು ಮೊದಲೇ ಹೇಳದಿರುವುದು ಅನ್ಯಾಯ.

ಅತಿ ಅಪಾಯದ ವಯಸ್ಸು ಯಾವುದು ಗೊತ್ತೇ? ಹದಿಹರೆಯ. ‘ನಾನು ಚೆನ್ನಾಗೇ ಇದ್ದೇನಲ್ಲ, ಯಾಕೆ ಮಾತ್ರೆ?’ ಎಂದು ಹುಡುಗ ಹಾಸ್ಟೆಲಿನಲ್ಲಿ ಎರಡು ವಾರ ಬಿಡುತ್ತಾನೆ. ಯಾವ ನೋವೂ ಆಗುವುದಿಲ್ಲ, ಲಿವರ್ ಒಳಗೊಳಗೇ ಹಾಳಾಗುತ್ತಿರುತ್ತದೆ. ಚಿಕ್ಕಂದಿನಲ್ಲಿ ಉಳಿಸಿಕೊಂಡ ಎಷ್ಟೋ ಕಸಿಗಳನ್ನು ಜಗತ್ತಿನೆಲ್ಲೆಡೆ ಕಳೆದುಕೊಳ್ಳುವುದು ಈ ವಯಸ್ಸಿನಲ್ಲೇ. ಹನ್ನೆರಡು ಹದಿಮೂರಕ್ಕೇ ಮಗುವಿನ ಕೈಗೆ ತನ್ನ ಔಷಧದ ಹೆಸರು, ಡೋಸು, ಕಾರಣ ಕೊಡಬೇಕು. ಉಮ್ಮನೇ ಬಾಯಿಗೆ ಹಾಕುತ್ತಾ ಹೋದರೆ ಹಾಸ್ಟೆಲಿನಲ್ಲಿ ಹಾಕುವವರಾರು? ರಮಝಾನ್ ಬಂದಾಗಲೂ ಇದೇ ಪ್ರಶ್ನೆ. ನಮ್ಮ ಕಡೆ ಸಹರಿಯಿಂದ ಇಫ್ತಾರ್‌ಗೆ ಹದಿಮೂರು ಗಂಟೆಗೂ ಹೆಚ್ಚು. 12 ಗಂಟೆಯ ಮಾತ್ರೆ ಅದಕ್ಕೆ ಹೊಂದುವುದಿಲ್ಲ, ನೀರಿನಂಶ ಕಡಿಮೆಯಾದರೆ ಕಿಡ್ನಿಗೂ ಪೆಟ್ಟು. ದಿನಕ್ಕೊಮ್ಮೆ ಸಾಕಾಗುವ ಟ್ಯಾಕ್ರೊಲಿಮಸ್ ಇದೆ, ಆದರೆ ಬದಲಾಯಿಸುವುದು ವೈದ್ಯರ ಕೆಲಸ. ರೋಗಿಗೆ ಧರ್ಮವೇ ವಿನಾಯಿತಿ ಕೊಟ್ಟಿರುವಾಗ ಹುಡುಗನಿಗೆ ‘ನೀನೊಬ್ಬನೇ ಉಪವಾಸ ಇಲ್ವಾ?’ ಎಂದು ನೆಂಟರು ಚುಚ್ಚದಿದ್ದರೆ ಸಾಕು.

ಹೆಣ್ಣು ಮಗುವಿನ ಪೋಷಕರು ಹೇಳಲಾರದೆ ಹೇಳುವ ಪ್ರಶ್ನೆ ಮದುವೆಯದು. ಕಸಿಯಾದ ಹೆಣ್ಣು ಮಕ್ಕಳು ಮದುವೆಯಾಗಿದ್ದಾರೆ, ಆರೋಗ್ಯವಂತ ಮಕ್ಕಳನ್ನು ಹೆತ್ತಿದ್ದಾರೆ. ಬಸಿರಿಗೆ ಮುನ್ನ ಮೈಕೊಫಿನೊಲೇಟ್ ಎಂಬ ಔಷಧದಲ್ಲಿದ್ದರೆ ಅದನ್ನು ಬದಲಾಯಿಸಬೇಕು, ಬಸಿರನ್ನು ಯೋಜಿಸಿಯೇ ಆಗಬೇಕು.

ತಮಿಳುನಾಡು ಸರ್ಕಾರ 2021ರ ಆಗಸ್ಟ್‌ನಲ್ಲಿ ಮನೆಬಾಗಿಲಿಗೇ ಔಷಧ ತಲುಪಿಸುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಆರಂಭಿಸಿದ್ದು ಧರ್ಮಪುರಿಯ ಪಕ್ಕದ ಕೃಷ್ಣಗಿರಿ ಜಿಲ್ಲೆಯ ಹಳ್ಳಿಯೊಂದರಿಂದ. ತಮಿಳಿನಲ್ಲಿ ‘ಮಕ್ಕಳ್’ ಎಂದರೆ ಜನರು. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ ಹೀಗೆ ಮನೆಗೆ ಬರಬಹುದಾದರೆ ಕಸಿಯಾದ ಬೆರಳೆಣಿಕೆಯ ಮಕ್ಕಳ ಮಾತ್ರೆ ಯಾಕೆ ಬರಬಾರದು? ಅಲ್ಲಿಯವರೆಗೆ ಕುಟುಂಬಗಳೇ ದಾರಿ ಮಾಡಿಕೊಳ್ಳಬೇಕು. ಊರಿನ ಒಬ್ಬ ಮಕ್ಕಳ ವೈದ್ಯರನ್ನು ಹಿಡಿದು ಕಸಿ ಆಸ್ಪತ್ರೆಯ ಜೊತೆ ಫೋನಿನಲ್ಲಿ ಮಾತಾಡಿಸಿ. ಡಿಸ್ಚಾರ್ಜ್ ಸಮ್ಮರಿ, ಕಳೆದ ಆರು ರಕ್ತಪರೀಕ್ಷೆಗಳ ಫೋಟೋ ಮೊಬೈಲ್‌ನಲ್ಲಿರಲಿ. ಟ್ಯಾಕ್ರೊಲಿಮಸ್ ಮಟ್ಟದ ಪರೀಕ್ಷೆಗೆ ಜಿಲ್ಲಾ ಕೇಂದ್ರದಲ್ಲೇ ರಕ್ತ ತೆಗೆದು ಕಳಿಸುವ ಲ್ಯಾಬ್ ಇದೆಯೇ ಎಂದು ವಿಚಾರಿಸಿ. ಬೆಳಗಿನ ಮಾತ್ರೆ ನುಂಗುವ ಮುಂಚೆಯೇ ರಕ್ತ ಕೊಡಬೇಕು ಎನ್ನುವುದು ನೆನಪಿರಲಿ. ಮನೆಯಲ್ಲಿ ಯಾವತ್ತೂ ಹದಿನೈದು ದಿನದ ಮಾತ್ರೆ ಹೆಚ್ಚುವರಿ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಶಿರಾಡಿ ಘಾಟಿ ಬಂದ್ ಆದಾಗ ಅದು ಬೇಕಾಗುತ್ತದೆ.